ಐದನೇ ಭಾಗ ಕೇಳಿದವರು

“ಕೇಳಿದ್ರ ಕೇಳ್ಯಾಳ ಬಿಡ. ಹೊಸಾ ಮನಿ, ಹೊಸಾ ಮಂದಿ. ಗುರ್ತಿನ ದನಿ ಒಂದರ ಕಿವಿಗೆ ಬೀಳಲಿ ಅನಿಸಿರತೈತಿ,” ಎಂದಳು ಸಾವಿತ್ರೆವ್ವ, ಹಿಂಜುತ್ತಿದ್ದ ಉಣ್ಣೆಯಿಂದ ಕಣ್ಣೆತ್ತದೆ.

“ಗುರ್ತಿನ ದನಿ ಬೇಕಾದ್ರ ನನಗ ಫೋನ್ ಹಚ್ಚಬೇಕಿತ್ತಲ್ಲ,” ಎಂದಳು ಮಗಳು ಸುಜಾತಾ.

“ನಿನ್ನ ದನಿ ಕೇಳಿ ಕೇಳಿ ಸಾಕಾಗೇ ಲಗ್ನಾ ಮಾಡ್ಕೊಂಡ ಹೋಗ್ಯಾಳ ಅಕಿ.”

“ಎವ್ವಾ, ನಗಬ್ಯಾಡ. ನಾವಿಬ್ರೂ ಭಂಡಾರ ಮುಟ್ಟೀವಿ.”

ಸಾವಿತ್ರೆವ್ವನ ಕೈ ಅಲ್ಲಿಗೇ ನಿಂತಿತು. ಉಣ್ಣೆಯ ಎಳೆಯೊಂದು ಅವಳ ಬೆರಳಿಗೆ ಸುತ್ತಿಕೊಂಡೇ ಇತ್ತು.

“ಕತಿ ಕೇಳೂದಕ್ಕ ಭಂಡಾರ ಮುಟ್ಟೀರಿ?”

“ಹೂಂ.”

“ಎರಡೂ ಕತ್ತೆಗೋಳ ಅದೀರಿ,” ಎಂದಳು ತಾಯಿ. ಆದರೆ ಈ ಸಲ ನಗಲಿಲ್ಲ.

ಭಂಡಾರವೆಂದರೆ ಬೀರಪ್ಪನ ಗುಡಿಯ ಅರಿಶಿನ ಪುಡಿ. ಕಬ್ಬೂರಿನ ಕುರಿಗಾರರ ಓಣಿಯಲ್ಲಿ ಕುರಿ ಮಾರುವ ಮಾತಿರಲಿ, ಹೆಣ್ಣು ಕೊಡುವ ಮಾತಿರಲಿ, ಅದನ್ನು ಮುಟ್ಟಿ ಆಡಿದರೆ ಮುಗಿಯಿತು. ಆಮೇಲೆ ಕಾಗದವೂ ಬೇಡ, ಸಾಕ್ಷಿಯೂ ಬೇಡ. ಅಂಥ ಭಂಡಾರವನ್ನು ಸುಜಾತಾ ಮತ್ತು ಅವಳ ಗೆಳತಿ ಶೀತಲ ಮುಟ್ಟಿದ್ದು ಒಂದು ಆಡಿಯೋ ಪುಸ್ತಕಕ್ಕಾಗಿ.

ಶೀತಲ ಅದೇ ಊರಿನ ಕಬ್ಬಿನ ಹೊಲದವರ ಮಗಳು. ಸುಜಾತಾಳ ಅಪ್ಪ ಮಲಕಾರಿ ಪ್ರತಿ ವರ್ಷ ಗೊಬ್ಬರಕ್ಕೆಂದು ಅವರ ಹೊಲದಲ್ಲಿ ಕುರಿ ತರುಬುತ್ತಿದ್ದ. ಹೀಗೆ ಹುಡುಗಿಯರಿಬ್ಬರಿಗೂ ಚಿಕ್ಕಂದಿನಿಂದ ಪರಿಚಯ. ಆದರೆ ಪರಿಚಯ ಗೆಳೆತನವಾದದ್ದು ಕಾಲೇಜಿಗೆ ಹೋಗುವ ಚಿಕ್ಕೋಡಿ ಬಸ್ಸಿನಲ್ಲಿ. ಒಂದೇ ವಾಯರು, ಎರಡು ತುದಿ. ಎಡಗಿವಿ ಸುಜಾತಾಳದು, ಬಲಗಿವಿ ಶೀತಲಳದು. ಬಸ್ಸು ಕುಲುಕಿದಾಗ ಯಾರ ತುದಿಯಾದರೂ ಬಿದ್ದರೆ ಇನ್ನೊಬ್ಬಳು ತಕ್ಷಣ ಕತೆ ನಿಲ್ಲಿಸಬೇಕು. ಅದು ಕಾಯಿದೆ.

ಕೇಳುತ್ತಿದ್ದದ್ದು ‘ಮಂಜುಹೊಳೆ’. ಐದು ಭಾಗಗಳ ದೊಡ್ಡ ಕತೆ. ಅಲ್ಲಿಯ ಹೊಳೆಯಲ್ಲಿ ನೀರಿಲ್ಲ, ದಂಡೆಯಿಂದ ದಂಡೆಗೆ ಬರೀ ಮಂಜು. ಅದರ ಮೇಲೆ ದೋಣಿ ನಡೆಸುವವಳು ಕೇದಗಿ ಎಂಬ ಹದಿನಾರು ವರ್ಷದ ಹುಡುಗಿ. ಆ ಹೊಳೆಗೆ ಬಿದ್ದವರು ಸಾಯುವುದಿಲ್ಲ, ಆದರೆ ದಂಡೆಯಲ್ಲಿರುವವರೆಲ್ಲ ಅವರ ಹೆಸರು ಮರೆತುಬಿಡುತ್ತಾರೆ. ಓದುವ ಹೆಂಗಸಿನ ದನಿ ಎಂಥದೆಂದರೆ, ಮಂಜು ಎಂದಾಗ ಬಿಸಿಲಲ್ಲೂ ಮೈ ಜುಂ ಎನ್ನಬೇಕು. ನಾಲ್ಕನೇ ಭಾಗದ ಕೊನೆಗೆ ಕೇದಗಿಯ ಜೀವದ ಗೆಳತಿಯೇ ಹೊಳೆಗೆ ಬಿದ್ದಳು. ಕೇದಗಿ ದೋಣಿಯಲ್ಲಿ ಎದ್ದು ನಿಂತು ಕೂಗಲು ಬಾಯಿ ತೆರೆದಳು. ಹೆಸರು ನೆನಪಾಗಲಿಲ್ಲ. ಅಲ್ಲಿಗೆ ಭಾಗ ಮುಗಿಯಿತು. ಆ ದಿನ ಇಬ್ಬರೂ ಇಳಿಯುವ ಜಾಗ ಮರೆತು ಮುಂದಿನ ಸ್ಟಾಪಿಗೆ ಹೋಗಿ, ಉರಿಬಿಸಿಲಲ್ಲಿ ಕಾಲ್ನಡಿಗೆಯಲ್ಲಿ ವಾಪಸು ಬಂದಿದ್ದರು.

ಅಷ್ಟರಲ್ಲಿ ಶೀತಲಳಿಗೆ ಕಾಗವಾಡದಾಚೆ ಜುಗೂಳದ ಸಂಬಂಧ ಗಟ್ಟಿಯಾಯಿತು. ಹುಡುಗ ವಿಶಾಲ, ದ್ರಾಕ್ಷಿ, ಕಬ್ಬು ಎರಡೂ ಇರುವ ಮನೆ. ಅಕ್ಷತೆ ಬೀಳಲು ನಾಲ್ಕು ದಿನ ಇರುವಾಗ ಇಬ್ಬರೂ ಬೀರಪ್ಪನ ಗುಡಿಗೆ ಹೋಗಿ, ಭಂಡಾರ ಮುಟ್ಟಿ ಮಾತು ಕೊಟ್ಟುಕೊಂಡರು: ಐದನೇ ಭಾಗ ಕೇಳಿದರೆ ಜೋಡಿಯಲ್ಲೇ. ಒಬ್ಬಳೇ ಒಂದು ಸಾಲೂ ಕೇಳಬಾರದು.

ಆ ಭಾಗ ಯಾವಾಗ ಬಂತು ನೋಡಿ. ಪಂಚಮಿಗೆ ಶೀತಲ ತವರಿಗೆ ಬಂದಾಗ ಬರಲಿಲ್ಲ. ಅವಳು ಜುಗೂಳಕ್ಕೆ ಹೋದ ಹನ್ನೊಂದನೇ ದಿನಕ್ಕೆ ಬಂತು.

ಇಬ್ಬರ ಫೋನಿನಲ್ಲೂ ಇದ್ದದ್ದು ಒಂದೇ ಖಾತೆ. ಕತೆ ಎಲ್ಲಿಯವರೆಗೆ ಕೇಳಿದೆ ಎಂಬುದನ್ನು ಪುಸ್ತಕದ ಚಿತ್ರದ ಕೆಳಗೆ ಒಂದು ಹಸಿರು ಗೆರೆ ತೋರಿಸುತ್ತದೆ. ಯಾರ ಫೋನಿನಲ್ಲಿ ಕೇಳಿದರೂ ಗೆರೆ ಎರಡರಲ್ಲೂ ಬೆಳೆಯುತ್ತದೆ. ಸುಜಾತಾ ದಿನಾ ಆ ಚಿತ್ರವನ್ನು ನೋಡುತ್ತಿದ್ದಳು, ಒತ್ತುತ್ತಿರಲಿಲ್ಲ. ಗಣಪತಿ ಹಬ್ಬ ಮುಗಿದ ಮೇಲೆ ಒಂದು ಸಂಜೆ ನೋಡಿದರೆ ಉಗುರಿನಷ್ಟು ಹಸಿರು. ಮರುದಿನ ಬೆರಳಿನಷ್ಟು. ಈಗ ಇಪ್ಪತ್ತೊಂದನೇ ಅಧ್ಯಾಯ ದಾಟಿತ್ತು. ಇದ್ದದ್ದೇ ಮೂವತ್ತೆರಡು.

ಶೀತಲಳನ್ನೇ ಕೇಳೋಣವೆಂದರೆ ಅವಳ ಫೋನು ಯಾವಾಗಲೂ ಅತ್ತೆಯ ಕೈಯಲ್ಲೇ. ಅವಳು ಕರೆದು ಕೊಟ್ಟರೂ ದನಿ ಅಂಗಳಕ್ಕೆಲ್ಲ ಕೇಳುವ ಹಾಗೆ ಇಟ್ಟೇ ಕೊಡುತ್ತಿದ್ದಳು. “ಆರಾಮ ಅದೀಯೇನ?” “ಆರಾಮ.” “ಊಟಾತೇನ?” “ಆತು.” ಅದರಾಚೆ ಮಾತು ಹೋಗುತ್ತಿರಲಿಲ್ಲ. ಸುಜಾತಾಳಿಗೆ ಕತೆ ತಪ್ಪಿದ್ದರ ಸಂಕಟಕ್ಕಿಂತ ಇನ್ನೊಂದು ಸಂಕಟ: ಎಡಗಡೆಯ ತುದಿ ಈಗ ಯಾರ ಕಿವಿಯಲ್ಲೂ ಇಲ್ಲದೆ ಶೀತಲ ಹೇಗೆ ಕೇಳುತ್ತಾಳೆ? ಕೇಳಿದರೆ ರುಚಿಯಾದರೂ ಹೇಗೆ ಹತ್ತುತ್ತದೆ?

ಇನ್ನು ಭಂಡಾರ ತಪ್ಪಿದವರಿಗೆ ಏನೇನಾಗುತ್ತದೆ ಎಂಬ ಕತೆಗಳನ್ನು ಓಣಿಯ ಮುದುಕಿಯರಿಂದ ಕೇಳಿಯೇ ಅವಳು ಬೆಳೆದವಳು. ಸಿಟ್ಟು ಒಂದು ಕಡೆಗಾದರೆ, ಗೆಳತಿಗೆ ಏನೂ ಆಗಬಾರದೆಂಬ ಹೆದರಿಕೆ ಇನ್ನೊಂದು ಕಡೆಗೆ. ಕೊನೆಗೆ ಪೂಜಾರಿ ಮಾಯಪ್ಪನ ಹತ್ತಿರ ಹೋದಳು.

“ಕಾಕಾ, ಒಂದ ಆಣಿ ಬಿಡಸಬೇಕಾಗಿತ್ತರಿ.”

“ಎಂಥಾ ಆಣಿ? ಹೊಲದ್ದೋ, ಕುರಿದೋ?”

“ಕತಿ ಕೇಳೂ ಆಣಿರಿ.”

ಮಾಯಪ್ಪ ಎಪ್ಪತ್ತು ದಾಟಿದವನು. ದಾರಿ ಬಿಡುವ ಆಣೆ, ಮಾತು ಬಿಡುವ ಆಣೆ, ಸೆರೆ ಕುಡಿತ ಬಿಡುವ ಆಣೆ ಎಲ್ಲವನ್ನೂ ಬಿಡಿಸಿದ್ದ. ಇದು ಹೊಸದು. ಬಾಯೊಳಗಿನ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ, ಪೂರ್ತಿ ವಿಷಯ ಕೇಳಿಕೊಂಡ.

“ಇಬ್ಬರ ಮುಟ್ಟಿದ್ದನ್ನ ಇಬ್ಬರ ಬಿಡಸಬೇಕು, ತಂಗಿ. ಎದರಾಬದರಾ ಕುಂತು, ಒಬ್ಬರ ಹಣಿಗೆ ಒಬ್ಬರು ಹಚ್ಚಿ, ಬಿಟ್ಟೇವಪಾ ಬೀರಪ್ಪ ಅನಬೇಕು. ನೀ ಒಬ್ಬಾಕಿ ಬಂದು ಅಕಿ ಪಾಲಿಂದೂ ಬಿಡಸತೀನಿ ಅಂದ್ರ ದೇವರ ಒಪ್ಪಂಗಿಲ್ಲ.”

“ಅಕಿ ಜುಗೂಳದಾಗ ಅದಾಳರಿ.”

“ಬೀರಪ್ಪಗ ಜುಗೂಳ ಏನ ದೂರ? ನಿನಗ ದೂರ.” ಅವನು ಕಾಗದದಲ್ಲಿ ಒಂದು ಹಿಡಿ ಭಂಡಾರ ಕಟ್ಟಿಕೊಟ್ಟ. “ಲಗೂ ಹೋಗಿ ಬಾ. ನಿಮ್ಮ ಕುರಿ ಸ್ವಾಮಾರ ಹೊಂಡತಾವಂತ ಮಲಕಾರಿ ಅಂದಾನ.”

ಅದು ನಿಜವಾಗಿತ್ತು. ಈ ಸಲ ಮಳೆ ಬೇಗ ನಿಂತು ಊರ ಸುತ್ತ ಮೇವು ತೀರಿತ್ತು. ಸೋಮವಾರ ಹಿಂಡು ಹೊರಟರೆ ಯುಗಾದಿಯವರೆಗೂ ಬರುವುದಿಲ್ಲ. ಸಾವಿತ್ರೆವ್ವನಿಗೆ ಮೊಣಕಾಲು ಬೇನೆಯಿರುವುದರಿಂದ ಈ ವರ್ಷ ಅಪ್ಪನ ಸಂಗಡ ರೊಟ್ಟಿ ಬಡಿಯಲು ಹೋಗಬೇಕಾದವಳು ಸುಜಾತಾ.

ಶುಕ್ರವಾರ ಬೆಳಿಗ್ಗೆ ಅವಳು ಹೊರಟಳು. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ಆಧಾರ್ ಕಾರ್ಡ್ ತೋರಿಸಿ, ಕಿಟಕಿಯ ಪಕ್ಕ ಕುಳಿತಳು. ಅಂಕಲಿ ದಾಟಿ ಸೇತುವೆಯ ಮೇಲೆ ಬಂದಾಗ ಕೆಳಗೆ ಕೃಷ್ಣೆ ತುಂಬಿಕೊಂಡೇ ಹರಿಯುತ್ತಿದ್ದಳು. ಪಕ್ಕದಲ್ಲಿ ಕುಳಿತ ಮುದುಕಿ ಹೊಳೆಗೆ ಕೈಮುಗಿದು, “ನೀನೂ ಮುಗಿ, ಏನ ನೋಡಾಕತ್ತೀ,” ಎಂದಳು. ಸುಜಾತಾ ಮುಗಿದಳು. ಬೇಡಿಕೊಳ್ಳಲು ಹೋದರೆ ಬಾಯಿಗೆ ಬಂದದ್ದು, ಶೀತಲ ಕೇಳಿರದಿದ್ದರೆ ಸಾಕು ಎಂಬುದೊಂದೇ. ಗೆರೆ ಇಪ್ಪತ್ತೊಂದು ದಾಟಿದ್ದನ್ನು ಕಣ್ಣಾರೆ ಕಂಡವಳು ಹಾಗೆ ಬೇಡಿಕೊಳ್ಳುವುದು ಹುಚ್ಚುತನವೇ. ಆದರೂ ಬೇಡಿಕೊಂಡಳು.

ಕಾಗವಾಡದಿಂದ ಜುಗೂಳಕ್ಕೆ ವಡಾಪ್ ಟೆಂಪೋ. ಸೀಟು ಭರ್ತಿಯಾಗುವವರೆಗೆ ಅದು ಅಲುಗುವುದಿಲ್ಲ. ಅಂತೂ ಊರು ಮುಟ್ಟಿ, ಶೀತಲಳ ಮಾವ ಬಾಬಾಸಾಹೇಬರ ಮನೆ ಯಾವುದೆಂದು ಕೇಳಿಕೊಂಡು ಅವಳು ಅಂಗಳಕ್ಕೆ ಕಾಲಿಡುವ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆ.

ಅಂಗಳದಲ್ಲಿ ಐವತ್ತರ ಹೆಂಗಸೊಬ್ಬಳು ಶೇಂಗಾ ಸುಲಿಯುತ್ತ ಕುಳಿತಿದ್ದಳು. ಶೀತಲಳ ಅತ್ತೆ ರುಕ್ಮವ್ವ. ಅವಳ ಪಕ್ಕದಲ್ಲಿ ಹಿತ್ತಾಳೆಯ ಕೊಡ. ಕೊಡದೊಳಗಿಂದ ಒಂದು ದನಿ ಬರುತ್ತಿತ್ತು.

ಆ ದನಿಯನ್ನು ಸುಜಾತಾ ಐದು ತಿಂಗಳಿಂದ ಕೇಳಿರಲಿಲ್ಲ. ಬಸ್ಸಿನ ಸೀಟಿನ ರೆಕ್ಸಿನ್ ವಾಸನೆ, ಶೀತಲಳ ತಲೆಯ ಕೊಬ್ಬರಿ ಎಣ್ಣೆ, ಮಳೆಗಾಲದಲ್ಲಿ ಇಬ್ಬರೂ ಒಂದೇ ಕೊಡೆಯಡಿ ಓಡಿದ್ದು, ಎಲ್ಲವೂ ಆ ದನಿಯ ಹಿಂದೆಯೇ ಬಂದುಬಿಟ್ಟವು. ಗೊತ್ತಿಲ್ಲದೆ ಎರಡು ಹೆಜ್ಜೆ ಮುಂದಿಟ್ಟಳು. ‘ಹೆಸರಿಲ್ಲದವರನ್ನು ಈ ದೋಣಿ ಹೊರುವುದಿಲ್ಲ, ಎಂದ ಮುದುಕ. ಕೇದಗಿ ಹುಟ್ಟನ್ನು ಮೇಲೆತ್ತಿ...’

ಸುಜಾತಾ ಎರಡೂ ಕಿವಿಗೆ ಬೆರಳು ತುರುಕಿಕೊಂಡು ಅಂಗಳದ ನಡುವೆ ನಿಂತುಬಿಟ್ಟಳು.

ರುಕ್ಮವ್ವ ಏನೋ ಹೇಳಿದಳು. ಬಾಯಿ ಅಲುಗಿದ್ದು ಮಾತ್ರ ಕಾಣಿಸಿತು. ಮತ್ತೂ ಏನೋ ಹೇಳಿದಳು. ಆಮೇಲೆ ಕೊಡದೊಳಗೆ ಕೈ ಹಾಕಿ ಫೋನು ತೆಗೆದು ಒತ್ತಿ, ಸುಜಾತಾಳ ಮೊಣಕೈ ಹಿಡಿದು ಬೆರಳು ಕೀಳಿಸಿದಳು.

“ಯಾರವಾ ನೀ? ಬಾಗಲದಾಗ ಬಂದು ಕಿವಿ ಮುಚ್ಕೊಂಡು ನಿಂತೀ.”

“ನಾ ಶೀತಲನ ಗೆಳತಿರಿ. ಕಬ್ಬೂರಿಂದ ಬಂದೀನ್ರಿ.”

“ಕುರಿಯವರ ಸುಜಾತಾ ಏನ? ಅಗ ಬಾಯಿ, ಬಾ ಕೂಡ. ನಿನಗೂ ಕಿವಿ ಬ್ಯಾನಿ ಐತಿ? ಕಬ್ಬೂರ ನೀರಿನ್ಯಾಗ ಏನ ಐತವಾ? ನಮ್ಮ ಸೊಸಿಗೂ ಹಿಂಗ. ನಾ ಈ ಕತಿ ಹಚ್ಚಿದ್ನಿ ಅಂದ್ರ ಎರಡೂ ಕಿವ್ಯಾಗ ಹತ್ತಿ ತುರುಕ್ಕೊಂಡು ದನದ ಮನಿಗೆ ಹೋಗಿಬಿಡತಾಳ. ಬೆಳ್ಳುಳ್ಳಿ ಎಣ್ಣಿ ಹಾಕಿದ್ನಿ. ಡಾಕ್ಟರಗ ತೋರಿಸಿದ್ನಿ. ಅವ ಬ್ಯಾಟರಿ ಹಿಡದ ನೋಡಿ, ಏನೂ ಇಲ್ಲ ಅಂದ. ಏನೂ ಇಲ್ಲಂದ್ರ ಹತ್ತಿ ಯಾಕ ಬೇಕಾಕ್ಕೈತಿ, ನೀನ ಹೇಳ.”

ಸುಜಾತಾ ಶೇಂಗಾ ಸಿಪ್ಪೆಯ ರಾಶಿಯ ಪಕ್ಕದಲ್ಲೇ ಕುಳಿತಳು. ಇಷ್ಟು ದಿನ ಯಾರ ಮೇಲೆ ಸಿಟ್ಟು ಮಾಡಿಕೊಂಡು ರೊಟ್ಟಿ ಬಿಟ್ಟಳೋ ಅವಳು ಇಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ದನದ ಮನೆಯಲ್ಲಿ ನಿಂತಿದ್ದಳು.

“ಇದನ್ನ ನೀವು ಕೇಳಾಕತ್ತೀರೇನ್ರಿ?” ಎಂದಳು, ಗೊತ್ತಿದ್ದೂ.

“ಗಣಪತಿ ಹೋದಾಗಿಂದ. ಫೋನಿನ್ಯಾಗ ದೋಣಿ ಚಿತ್ರ ಇತ್ತು. ಬೆರಳ ತಾಗೇತಿ, ಮಾತಾಡಾಕ ಚಾಲೂ ಮಾಡಿತು. ಬಂದ್ ಮಾಡೂನಂದ್ನಿ. ಆದ್ರ ಆ ಬಾಯಿ ಪಾಪ, ಅಷ್ಟ ಚೊಲೋ ಹೇಳಾಕತ್ತಾಳ, ನಡಬರಕ ಹೆಂಗ ಬಾಯಿ ಮುಚ್ಚಸೂದು? ಸ್ವಲ್ಪ ಕೇಳಿ ಮರ್ಯಾದಿ ಮಾಡಿ ಕಳಸೂನಂತ ಕುಂತ್ನಿ. ಇನ್ನೂ ಕುಂತೀನಿ.”

“ಮೊದಲಿನ ನಾಕ ಭಾಗ?”

“ಇನ್ನೂ ನಾಕ ಅದಾವ?” ರುಕ್ಮವ್ವನ ಕೈಯಿಂದ ಶೇಂಗಾ ಜಾರಿತು. “ಅದಕ್ಕ ಮತ್ತ, ಯಾರ ಯಾರಿಗೆ ಏನಾಗಬೇಕಂತ ತಿಳೀವಲ್ದು ನನಗ. ಆ ಮುದುಕ ಅಕಿ ಅಪ್ಪೇನ?”

“ಅಲ್ರಿ, ಅವ ದಂಡಿ ಕಾಯಾಂವ. ಎರಡನೇ ಭಾಗದಾಗ...” ಎಂದು ಶುರು ಮಾಡಿದ ಸುಜಾತಾ ಬಾಯಿ ಮುಚ್ಚಿಕೊಂಡಳು. ಗೋಡೆಯಾಚೆಯಿಂದ ಮೇವಿನ ಹೊರೆ ಹೊತ್ತುಕೊಂಡು ಶೀತಲ ಬರುತ್ತಿದ್ದಳು. ಹೊರೆಯ ಕೆಳಗೆ ಮುಖ ಅರ್ಧವೇ ಕಾಣುತ್ತಿತ್ತು. ಎರಡೂ ಕಿವಿಯಲ್ಲಿ ಬಿಳಿ ಹತ್ತಿ.

ಅವಳು ಸುಜಾತಾಳನ್ನು ಕಂಡು ಹೊರೆಯನ್ನು ಇಳಿಸಲಿಲ್ಲ, ಬೀಳಿಸಿದಳು. ಓಡಿ ಬಂದು ಅಪ್ಪಿಕೊಳ್ಳುವುದು ಅತ್ತೆಯ ಮುಂದೆ ಸರಿಯೋ ಅಲ್ಲವೋ ಎಂಬಂತೆ ನಡುದಾರಿಯಲ್ಲಿ ನಿಂತಳು. ಸುಜಾತಾಳೇ ಎದ್ದು ಹೋಗಿ ಅವಳ ಬಲಗಿವಿಯ ಹತ್ತಿಯನ್ನು ತೆಗೆದಳು.

“ಅತ್ತಿ, ಕತಿ ಬಂದ್ ಐತೇನ್ರಿ?” ಎಂದು ಶೀತಲ ಮೊದಲು ಕೇಳಿದಳು.

“ಬಂದ್ ಐತಿ. ಪಾವಣ್ಯಾರು ಬಂದ್ರ ಬಂದ್ ಮಾಡಬಾರದೇನ? ಆ ಬಿದ್ದ ಹುಡುಗಿ ಹೆಸರ ನೆನಪಾಗತೈತೋ ಇಲ್ಲೋ, ಹೇಳಲೇನ ನಿನಗ?”

“ಬ್ಯಾಡ್ರಿ,” ಎಂದರು ಇಬ್ಬರೂ ಒಟ್ಟಿಗೆ.

“ಏನ ಮಂದಿಯೋ,” ಎಂದುಕೊಂಡು ರುಕ್ಮವ್ವ ಚಹಾ ಇಡಲು ಒಳಗೆ ಹೋದಳು.

ದನದ ಮನೆಯ ಕಟ್ಟೆಯ ಮೇಲೆ ಇಬ್ಬರೂ ಕುಳಿತರು. ಪಂಚಮಿಯಿಂದ ಮಾತು ಕೂಡಿಟ್ಟುಕೊಂಡವರಿಗೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಮೇವಿನ ಒಂದೊಂದೇ ಗರಿಯನ್ನು ಎಮ್ಮೆಗೆ ತಿನ್ನಿಸಿದರು.

“ಅತ್ತಿಗೆ ಖರೇ ಹೇಳಬೇಕಿಲ್ಲೇನ?” ಎಂದಳು ಸುಜಾತಾ.

“ಏನಂತ? ನೀವ ಕೇಳಬ್ಯಾಡ್ರಿ, ನನ್ನ ಗೆಳತಿ ಬರಬೇಕು ಅಂತ? ಹೊಸಾ ಸೊಸಿ ಹೇಳೂ ಮಾತದು?” ಶೀತಲ ನಕ್ಕಳು. “ಮತ್ತ ಅವರಿಗೂ ಇಡೀ ದಿನ ಮಾತಾಡಾಕ ಯಾರೂ ಇಲ್ಲ. ಮಾವನೋರು ಮೌನಿ ಬಾಬಾ. ಅವರ ಮಗಾನೂ ಹಂಗ. ಕತಿ ಬಂದ ಮ್ಯಾಲ ಅತ್ತಿ ಬೈಯೂದ ಕಡಿಮಿ ಮಾಡ್ಯಾರ.”

“ನಾ ನೀ ಕೇಳೀದಿ ಅಂತ ತಿಳಕೊಂಡಿದ್ನಿ,” ಎಂದುಬಿಟ್ಟಳು ಸುಜಾತಾ. “ಗೆರಿ ಬೆಳದಿತ್ತಲ್ಲ.”

ಶೀತಲ ತಿರುಗಿ ನೋಡಿದಳು. ನಗು ಮುಖದಲ್ಲಿ ಹಾಗೆಯೇ ಇತ್ತು, ಆದರೆ ಕಣ್ಣಿನವರೆಗೆ ಬರಲಿಲ್ಲ.

“ನಾನಾ? ಬೀರಪ್ಪಗ ಹೆದರದಿದ್ರೂ ನಿನಗ ಹೆದರತೀನಿ ಬೇ.”

“ತಪ್ಪಾತು.”

“ಬಿಡ. ಮತ್ತ ಜಗಳಾ ತಗ್ಯಾಕ ಇಷ್ಟ ದೂರ ಬಂದಿ?”

“ಆಣಿ ಬಿಡಸಾಕ ಬಂದಿದ್ನಿ.” ಸುಜಾತಾ ಕಾಗದದ ಪೊಟ್ಟಣ ತೆಗೆದು ಇಬ್ಬರ ನಡುವೆ ಇಟ್ಟಳು. ಮಾಯಪ್ಪ ಹೇಳಿದ್ದನ್ನು ಹೇಳಿದಳು. “ಬಿಡಿಸೇ ಬಿಡೂಣು. ಎಷ್ಟ ದಿನಾ ಹತ್ತಿ ಹಾಕ್ಕೋತೀ? ಸ್ವಾಮಾರ ನಮ್ಮ ಕುರಿ ಹೊಂಡತಾವ, ನಾನೂ ಹೋಗ್ತೀನಿ. ಯುಗಾದಿತನಾ ಬರಂಗಿಲ್ಲ.”

ಶೀತಲಳ ಕೈ ಮೇವಿನ ಗರಿಯೊಂದನ್ನು ಉದ್ದಕ್ಕೆ ಸೀಳುತ್ತಿತ್ತು.

“ದೀಪಾವಳಿಗೆ ನಾ ಕಬ್ಬೂರಿಗೆ ಬರ್ತಿದ್ನಿ,” ಎಂದಳು. “ನಾಕ ದಿನಾ ಇರತೀನಿ ಅಂತ ಮಾವನೋರ ಕಡೆ ಹೂಂ ಅನಿಸಿದ್ನಿ. ಬಾಯಿ ತಗೀದ ಮನಷ್ಯಾನ ಕಡೆ ಹೂಂ ಅನಸೂದಂದ್ರ ತಿಳೀತೇನ? ನಾಕ ದಿನದಾಗ ಎಂಟ ಅಧ್ಯಾಯ ಆಗತಿದ್ದು. ಲೆಕ್ಕಾ ಹಾಕಿದ್ನಿ.”

ಸುಜಾತಾ ಪೊಟ್ಟಣದ ಮಡಿಕೆಯನ್ನು ಉಗುರಿನಿಂದ ಒತ್ತಿದಳು.

“ನಾ ಬಿಡಸಂಗಿಲ್ಲ,” ಎಂದಳು ಶೀತಲ. ಪೊಟ್ಟಣವನ್ನು ಹಣೆಗೆ ಮುಟ್ಟಿಸಿಕೊಂಡು ಸುಜಾತಾಳ ಮಡಿಲಿಗೇ ಹಾಕಿದಳು. “ಆಣಿ ಐತಂತ ನೀ ಇವತ್ತ ಬಂದಿ. ಇಲ್ಲದಿದ್ರ ಬರ್ತಿದ್ದೆಯೇನ? ಖರೇ ಹೇಳ.”

ಬರುತ್ತಿದ್ದೆ ಎನ್ನಲು ಸುಜಾತಾ ಬಾಯಿ ತೆರೆದಳು. ಆದರೆ ಇವರ ನಡುವೆ ಸುಳ್ಳಿಗೆ ಜಾಗವಿರಲಿಲ್ಲ. ಇವತ್ತು ನಾಳೆ ಎನ್ನುತ್ತ ಐದು ತಿಂಗಳು ಕಳೆದದ್ದು ಇಬ್ಬರಿಗೂ ಗೊತ್ತಿತ್ತು. ಕತೆ ಕೇಳಿ ಮುಗಿಸಿದರೆ ಮುಂದೆ ಇವಳು ಜುಗೂಳದ ಸೊಸೆ, ಅವಳು ಕುರಿಯ ಬೆನ್ನು ಹತ್ತಿದವಳು. ದಾರಿಯಲ್ಲಿ ಎದುರಾದರೆ ಆರಾಮೇನ, ಊಟಾತೇನ.

ಚಹಾ ಬಂತು, ಅವಲಕ್ಕಿ ಬಂತು, ಅವುಗಳ ಹಿಂದೆ ರುಕ್ಮವ್ವನೂ ಬಂದು ಕುಳಿತು ಎರಡನೇ ಭಾಗದ ಮುದುಕನ ಕತೆ ಪೂರ್ತಿ ಹೇಳಿಸಿಕೊಂಡಳು. ಅಲ್ಲಿಗೆ ನಾಲ್ಕು ಗಂಟೆ. ಐದೂವರೆಯ ಚಿಕ್ಕೋಡಿ ಬಸ್ಸು ತಪ್ಪಿದರೆ ಕಾಗವಾಡದಲ್ಲೇ ಉಳಿಯಬೇಕು.

“ಹೋಗಿ ಕಳಿಸಿ ಬಾ,” ಎಂದಳು ರುಕ್ಮವ್ವ ಸೊಸೆಗೆ. “ಲಗೂ ಬಾ, ಎಮ್ಮಿ ಹಿಂಡೂ ಹೊತ್ತಾಕ್ಕೈತಿ.”

ಹಾಲಿನ ಡೇರಿಯ ಮುಂದೆ ಟೆಂಪೋ ನಿಂತಿತ್ತು. ಸುಜಾತಾ ಕಿಟಕಿಯ ಸೀಟು ಹಿಡಿದಳು. ಶೀತಲ ಕಿಟಕಿಯ ಹೊರಗೆ, ಸರಳು ಹಿಡಿದುಕೊಂಡು ನಿಂತಳು. ಡ್ರೈವರ್ ನಾಮದೇವ ಬಾಗಿಲಿಗೆ ಒರಗಿ ಮಂದಿಯನ್ನು ಎಣಿಸುತ್ತಿದ್ದ.

“ಇನ್ನ ಎಷ್ಟ ಮಂದಿ ಬೇಕೋ ಅಣ್ಣಾ?” ಎಂದಳು ಶೀತಲ.

“ಐದ. ಬಂದ್ರು ಅಂದ್ರ ಹೊಂಡೂದ.”

ಶೀತಲ ಸುಜಾತಾಳ ಮುಖ ನೋಡಿದಳು. ಸುಜಾತಾ ಚೀಲದಿಂದ ವಾಯರು ತೆಗೆದಳು. ಒಂದು ತುದಿ ಕಿಟಕಿಯೊಳಗೆ, ಒಂದು ಹೊರಗೆ. ಎಡಗಿವಿ ಒಳಗೆ ಕುಳಿತವಳದು, ಬಲಗಿವಿ ಹೊರಗೆ ನಿಂತವಳದು.

“ಕತಿ ಮೊದಲಿಗೆ ಒಯ್ದ್ರ ಅತ್ತಿ ಕೇಳಿದ ಜಾಗಾ ಹೋಗತೈತಿ,” ಎಂದಳು ಶೀತಲ.

“ಹೋಗ್ಲಿ. ಹುಡಕ್ಕೋತಾರ.”

ಮೊದಲ ಅಧ್ಯಾಯ. ಮಂಜು, ಎಂದಿತು ದನಿ. ಶೀತಲಳ ತೋಳಿನ ಮೇಲೆ ಮುಳ್ಳೆದ್ದದ್ದು ಸುಜಾತಾಳಿಗೆ ಕಾಣಿಸಿತು. ದೋಣಿಯಲ್ಲಿ ಕೇದಗಿ ಬಾಯಿ ತೆರೆದುಕೊಂಡು ಹಾಗೆಯೇ ನಿಂತಿದ್ದಳು, ಇಷ್ಟು ತಿಂಗಳೂ ಇವರಿಗಾಗಿ ಕಾದವಳಂತೆ. ಗಂಡ ಹೆಂಡತಿ ಇಬ್ಬರು ಬಂದು ಹತ್ತಿದರು. ಕೇದಗಿ ‘ಅ’ ಎಂದು ನೋಡಿದಳು, ‘ಆ’ ಎಂದು ನೋಡಿದಳು, ಒಂದೊಂದೇ ಅಕ್ಷರ ಹಿಡಿದು ಹೆಸರು ಹುಡುಕತೊಡಗಿದಳು. ಹಾಲಿನ ಕ್ಯಾನು ಹಿಡಿದ ಒಬ್ಬ ಹತ್ತಿದ. ಶೀತಲ ರಸ್ತೆಯ ಕಡೆ ಬೆನ್ನು ಮಾಡಿದಳು. ಬರುವವರನ್ನು ನೋಡದಿದ್ದರೆ ಅವರು ಬರುವುದಿಲ್ಲ ಎಂಬಂತೆ. ಸುಜಾತಾ ಮಾತ್ರ ನೋಡುತ್ತಲೇ ಇದ್ದಳು. ದೂರದಲ್ಲಿ ಯಾರಾದರೂ ಕಂಡರೆ ಅವರು ಕಿರಾಣಿ ಅಂಗಡಿಯ ಕಡೆ ಹೊರಳಲಿ ಎಂದು ಬೇಡುತ್ತಿದ್ದಳು. ಇಬ್ಬರು ಹೊರಳಿದರು. ಒಬ್ಬಳು ಹೊರಳಲಿಲ್ಲ. ನಾಲ್ಕಾಯಿತು.

ಅವಳ ಹಿಂದೆಯೇ ಬಗಲಲ್ಲಿ ಆಡಿನ ಮರಿ ಹಿಡಿದುಕೊಂಡು ಒಬ್ಬ ಮುದುಕ ಬಂದ.

“ಆತು, ಹತ್ತರಿ ಮಾಮಾ,” ಎಂದು ನಾಮದೇವ ಗಾಡಿ ಚಾಲೂ ಮಾಡಿದ.

ಶೀತಲ ಕಿವಿಯಿಂದ ತುದಿ ತೆಗೆದು ಕಿಟಕಿಯೊಳಗೆ ಕೊಟ್ಟಳು. “ಎಲ್ಲಿಗಿ ನಿಂತೇತಿ, ಬರದ ಇಡ,” ಎಂದಳು.

“ಇಡತೀನಿ. ಹತ್ತಿ ಹಾಕ್ಕೋ,” ಎಂದಳು ಸುಜಾತಾ.

ಟೆಂಪೋ ಹೊರಟಿತು. ಮುದುಕ ನಿಲ್ಲಲಾರದೆ ತೂಗಾಡಿ, ಕೇಳದೆಯೇ ಮರಿಯನ್ನು ಸುಜಾತಾಳ ಮಡಿಲಿಗೆ ಇಳಿಸಿ, ಎರಡೂ ಕೈಯಿಂದ ಮೇಲಿನ ಸರಳು ಹಿಡಿದುಕೊಂಡ. ಅವಳ ಕೈ ತಾನಾಗಿ ಮರಿಯ ನಾಲ್ಕೂ ಕಾಲನ್ನು ಕೂಡಿಸಿ ಹಿಡಿಯಿತು. ಹಿಂದಿರುಗಿ ನೋಡುವಷ್ಟರಲ್ಲಿ ಡೇರಿ ತಿರುವಿನಾಚೆ ಹೋಗಿತ್ತು. ಮರಿ ಕತ್ತು ಚಾಚಿ, ಮಡಿಲಲ್ಲಿ ಬಿದ್ದಿದ್ದ ವಾಯರಿನ ತುದಿಯನ್ನು ಬಾಯಿಗೆ ಹಾಕಿಕೊಂಡು ಅಗಿಯತೊ​ಡಗಿತು. ಸುಜಾತಾ ಅದರ ದವಡೆಯೊಳಗೆ ಬೆರಳಿಟ್ಟು, ನೋವಾಗದ ಹಾಗೆ ಅದನ್ನು ಹೊರಗೆ ತೆಗೆದು, ಸೆರಗಿಗೆ ಒರೆಸಿದಳು.